ಇನ್ನೂರು ಹಂಬು

ಸವಣೂರು ಸುತ್ತಿನ ವೀಳ್ಯದೆಲೆ ತೋಟಗಳಲ್ಲಿ ಈಗ ಫೋನಿನೊಳಗೆ ಆ ಮಾತನ್ನು ಯಾರೂ ಆಡುವುದಿಲ್ಲ. 'ಅದು' ಅನ್ನುತ್ತಾರೆ. "ನಾಳಿ ಅದು ಐತಿ, ಲಗೂನ ಬರ್ರಿ" ಅಂದರೆ ಕೂಲಿಯವರಿಗೆ ತಿಳಿಯುತ್ತದೆ. ತೋಟದ ಮಾಲಕರೂ ಹಾಗೇ ಅನ್ನುತ್ತಾರೆ, ಕೂಲಿಯ ಹೆಂಗಸರೂ ಹಾಗೇ ಅನ್ನುತ್ತಾರೆ. ಗಂಡನ ಹೆಸರು ಹೇಳಲು ನಾಚುವ ಹೊಸ ಸೊಸೆಯ ಹಾಗೆ ಇಷ್ಟು ಜನ ಸೇರಿ ಒಂದು ಮಾತನ್ನು ನುಂಗಿಕೊಂಡು ಕೂತಿದ್ದಾರೆ. ಆದರೆ ಇದು ನಾಚಿಕೆಯಲ್ಲ, ಹೆದರಿಕೆ.

ಆ ಮಾತು ಹಂಬು.

ಹಂಬು ಅಂದರೆ ಎಲೆಬಳ್ಳಿಯ ಮೈ. ನುಗ್ಗಿ ಗಿಡಕ್ಕೆ ಹಬ್ಬಿಸಿದ ಬಳ್ಳಿ ವರ್ಷ ತುಂಬುವುದರೊಳಗೆ ಗಿಡದ ನೆತ್ತಿ ಮುಟ್ಟುತ್ತದೆ. ಆಮೇಲೆ ಎಲೆ ಸಣ್ಣದಾಗುತ್ತದೆ, ಕೈಗೂ ಎಟುಕುವುದಿಲ್ಲ. ಆಗ ಬಳ್ಳಿಯನ್ನು ಬಿಚ್ಚಿ ಕೆಳಗಿಳಿಸಬೇಕು. ಬುಡದಲ್ಲಿ ಕುಣಿ ತೆಗೆದು, ಹಂಬನ್ನು ಸುರುಳಿ ಸುತ್ತಿ ಒಳಗಿಟ್ಟು, ಗೊಬ್ಬರ ಮಣ್ಣು ಮುಚ್ಚಬೇಕು. ತುದಿಯನ್ನಷ್ಟೇ ಹೊರಗೆ ಬಿಟ್ಟು ಮತ್ತೆ ಬಾಳೆನಾರಿನಿಂದ ಗಿಡಕ್ಕೆ ಕಟ್ಟಬೇಕು. ಹೂಳಿದ ಹಂಬು ಗಂಟುಗಂಟಿಗೂ ಬೇರು ಬಿಡುತ್ತದೆ, ತುದಿ ಹೊಸದಾಗಿ ಚಿಗುರುತ್ತದೆ. ಇದನ್ನು ವರ್ಷಕ್ಕೊಮ್ಮೆ ಮಾಡದಿದ್ದರೆ ತೋಟ ಮುದಿಯಾಗುತ್ತದೆ.

ಗಂಡಸರು ನಿಚ್ಚಣಿಕೆ ಹತ್ತಿ ಬಿಚ್ಚುತ್ತಾರೆ. ಹೆಂಗಸರು ಮೊಣಕಾಲೂರಿ ಹೂಳುತ್ತಾರೆ. ನೂರಜಹಾನ ಮೂವತ್ತು ವರ್ಷದಿಂದ ಹೂಳುತ್ತಿದ್ದಳು. ಅವಳ ಮೊಣಕಾಲ ಚರ್ಮ ಒಂಟೆಯದರಷ್ಟು ದಪ್ಪ. ಬೆರಳಿನ ಸಂದಿಯಲ್ಲಿ ಸೇರಿದ ಕೆಂಪು ಮಣ್ಣು ಹಬ್ಬದ ದಿನ ಮದರಂಗಿ ಹಚ್ಚಿದರೂ ಮುಚ್ಚುತ್ತಿರಲಿಲ್ಲ. ಗಂಡ ಶಹಾಬುದ್ದೀನ ಹಂಬು ಇಳಿಸುವ ಗುಂಪಿನ ಮೇಸ್ತ್ರಿಯಾಗಿದ್ದ. ಅವನು ಸತ್ತ ಮೇಲೆ ಮಗ ನಯೀಮ ಮೇಸ್ತ್ರಿಯಾದ. ಮನೆಯಲ್ಲಿ ಅವರದು ಉರ್ದು, ತೋಟದಲ್ಲಿ ಕನ್ನಡ. ಹಂಬಿಗೆ ಉರ್ದುವಿನಲ್ಲಿ ಏನನ್ನುತ್ತಾರೋ ಅವರ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉರ್ದುವಿನಲ್ಲಿ ಮಾತಾಡಿದರೆ ಜನ ತಿರುಗಿ ನೋಡುತ್ತಾರೆ ಅಂತ ನಯೀಮ ಬಸ್ಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಂಥವನು ಸಿಕ್ಕಿಬಿದ್ದದ್ದು ಅಚ್ಚ ಕನ್ನಡದ ಒಂದು ಮಾತಿಗೆ.

ಹಿಡಿದದ್ದು ಹೋದ ವರ್ಷ, ಉಗಾದಿ ಕಳೆದ ಮೂರನೇ ವಾರ. ಮಟಮಟ ಮಧ್ಯಾಹ್ನ. ಪರಮೇಶ್ವರಪ್ಪನವರ ತೋಟದಲ್ಲಿ ಕೆಲಸ ನಡೆದಿತ್ತು. ನಯೀಮ ನಿಚ್ಚಣಿಕೆಯ ಮೇಲಿದ್ದ. ಕೆಳಗೆ ನೂರಜಹಾನ, ಹಾಲವ್ವ, ಶಿವಬಸವ್ವ ಕುಣಿ ಮುಚ್ಚುತ್ತಿದ್ದರು. ಎರಡು ಜೀಪು ಬಂದು ಬದುವಿನ ಮೇಲೆ ನಿಂತವು. ಇಳಿದವರಲ್ಲಿ ಊರ ಪೊಲೀಸರು ಇಬ್ಬರೇ. ಉಳಿದವರು ದೊಡ್ಡ ಆಫೀಸಿನವರು. ಅಂಗಿ ಸಾದಾ, ಬೂಟು ಸಾದಾ ಅಲ್ಲ.

"ನಯೀಮ ಅಂದ್ರೆ ಯಾರು?"

"ನಾನ್ರಿ" ಅಂದ, ಮೇಲಿನಿಂದಲೇ. ಹಲ್ಲಿನಲ್ಲಿ ಬಾಳೆನಾರು ಕಚ್ಚಿಕೊಂಡಿದ್ದ.

ಇಳಿಯಲು ಬಿಡಲಿಲ್ಲ. ನಿಚ್ಚಣಿಕೆಯನ್ನೇ ಎಳೆದರು. ಹನ್ನೆರಡು ಅಡಿ ಮೇಲಿನಿಂದ ಅವನು ತಾನು ಈಗಷ್ಟೇ ತೆಗೆಸಿದ ಕುಣಿಯ ಮೇಲೆ ಬಿದ್ದ. ಎದ್ದು ನಿಲ್ಲುವಷ್ಟರಲ್ಲಿ ಬೆನ್ನ ಮೇಲೆ ಮೊಣಕಾಲು ಊರಿ, ಕೈ ಹಿಂದಕ್ಕೆ ತಿರುವಿ, ಅವನದೇ ಬಾಳೆನಾರಿನಿಂದ ಕಟ್ಟಿದರು. ಬೇಡಿ ಆಮೇಲೆ ಬಂತು. ನೂರಜಹಾನ ಓಡಿಹೋಗಿ ಒಬ್ಬನ ಕಾಲು ಹಿಡಿದಳು. ಅವನು ಕಾಲು ಝಾಡಿಸಿದ. ಅವಳ ಕೈಯ ಮಣ್ಣು ಅವನ ಪ್ಯಾಂಟಿಗೆ ಹತ್ತಿತ್ತು. ಮೊದಲು ಅದನ್ನು ಒರೆಸಿಕೊಂಡ.

"ಏನ್ ಮಾಡ್ಯಾನ್ರಿ ಯಪ್ಪಾ? ಏನ್ ಮಾಡ್ಯಾನ ಅಂತರ ಹೇಳ್ರಿ."

ಯಾರೂ ಹೇಳಲಿಲ್ಲ. ಹೇಳಬೇಕಾಗಿಲ್ಲವಂತೆ. ಅಂಥ ಕಾಯ್ದೆಯಂತೆ.

ಮರುದಿನ ಜೆಸಿಬಿ ತಂದು ತೋಟ ಅಗೆದರು. ಅರವತ್ತು ಬಳ್ಳಿ ಕಿತ್ತುಹೋದವು. ಸಿಕ್ಕಿದ್ದು ಹಂಬು, ಬೇರು, ಒಂದು ತುಕ್ಕು ಹಿಡಿದ ಕುಡಗೋಲು. ನಯೀಮನ ಮನೆಯಲ್ಲಿ ಬಳ್ಳಿಯ ರೋಗಕ್ಕೆ ಹೊಡೆಯುವ ಮೈಲುತುತ್ತ ಎರಡು ಕಿಲೋ ಸಿಕ್ಕಿತು. ಕುಡಗೋಲನ್ನು ಹರಿತವಾದ ಆಯುಧ ಅಂತ ಬರೆದರು, ಮೈಲುತುತ್ತವನ್ನು ನೀಲಿ ಬಣ್ಣದ ರಾಸಾಯನಿಕ ಅಂತ ಬರೆದರು. ಎಲೆ ಬೆಳೆಯುವವರ ಮನೆಯಲ್ಲೆಲ್ಲ ಇರುವ ಪುಡಿ ಅದು. ಆದರೆ ಟಿವಿಯಲ್ಲಿ ತೋರಿಸಿದ್ದು ನಯೀಮನ ಮನೆಯದನ್ನು ಮಾತ್ರ. ಸಂಜೆಯ ಹೊತ್ತಿಗೆ ಓಣಿಯಲ್ಲಿ ಅವನ ಹೆಂಡತಿ ಶಬೀನಾಳಿಗೆ ಹಾಲು ಹಾಕುವವನೂ ಬರಲಿಲ್ಲ.

ನಲವತ್ತು ದಿನ ನಯೀಮ ಎಲ್ಲಿದ್ದಾನೆ ಅಂತ ಗೊತ್ತಾಗಲಿಲ್ಲ. ನಲವತ್ತೊಂದನೆಯ ದಿನ ನೂರಜಹಾನಳಿಗೆ ಠಾಣೆಯಿಂದ ಕರೆ ಬಂತು. ಹೋದಳು. ಬೆಳಗ್ಗೆ ಹತ್ತಕ್ಕೆ ಕರೆದವರು ಮಧ್ಯಾಹ್ನ ಮೂರರವರೆಗೆ ಬೂಟು ಬಿಡುವ ಜಾಗದಲ್ಲಿ ಕೂರಿಸಿದರು. ನೀರು ಕೇಳಿದರೆ ಹೊರಗಿನ ನಳ ತೋರಿಸಿದರು. ಆಮೇಲೆ ಒಳಗೆ ಕರೆದು, ಟೇಬಲ್ಲಿನ ಮೇಲೆ ಒಂದು ಸಣ್ಣ ಪೆಟ್ಟಿಗೆ ಇಟ್ಟು, ಗುಂಡಿ ಒತ್ತಿದರು.

"ಶುಕ್ರವಾರ ನಮಾಜ ಮುಗಿಸಿ ಬರ್ತೇವ್ರಿ."

ನಯೀಮನ ಧ್ವನಿ. ನಲವತ್ತು ದಿನದ ಮೇಲೆ. ಮೂಗಿನಲ್ಲಿ ಸ್ವಲ್ಪ ನೆಗಡಿ ಇದ್ದ ಹಾಗಿತ್ತು. ನೂರಜಹಾನ ಪೆಟ್ಟಿಗೆಯ ಹತ್ತಿರ ಸರಿದಳು.

"ಇದು ಯಾರ ಧ್ವನಿ?" ಸಾಹೇಬ ಕೇಳಿದ.

"ನನ್ನ ಮಗಂದ್ರಿ. ನನ್ನ ನಯೀಮಂದ. ಇನ್ನೊಮ್ಮೆ ಕೇಳಸ್ರಿ."

ಇನ್ನೊಮ್ಮೆ ಕೇಳಿಸಿದರು. ಅಷ್ಟೇ ತುಣುಕು. ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ಅವಳು ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿದಳು. ಮೂರನೆಯ ಸಲಕ್ಕೆ ಕೈಮುಗಿದಳು. ಸಾಹೇಬ ಒಳ್ಳೆಯವನ ಹಾಗೆ ನಕ್ಕು ಮೂರನೆಯ ಸಲವೂ ಕೇಳಿಸಿದ. ಆಮೇಲೆ ಒಂದು ಕಾಗದ ಮುಂದೆ ತಳ್ಳಿದ.

"ಧ್ವನಿ ನಿಮ್ಮ ಮಗನದೇ ಅಂತ ಹೆಬ್ಬೆಟ್ಟು ಒತ್ತಿ."

ಒತ್ತಿದಳು. ಮಗನ ಧ್ವನಿಯನ್ನು ಮಗನದಲ್ಲ ಅನ್ನಲು ಯಾವ ತಾಯಿಗೆ ಬರುತ್ತದೆ? ಅವಳ ಹೆಬ್ಬೆರಳಿನ ಗೆರೆಯೊಳಗಿನ ಮಣ್ಣು ಮಸಿಯ ಜೊತೆ ಕಾಗದಕ್ಕೆ ಇಳಿಯಿತು. ಮನೆಗೆ ಬಂದು ಸೊಸೆಗೆ ಹೇಳಿದಳು, "ಜೀವಂತ ಅದಾನ, ಧ್ವನಿ ಕೇಳಿದೆ." ಇಬ್ಬರೂ ಅತ್ತರು. ಆವತ್ತು ಅವರಿಗೆ ಅದೊಂದು ಹಬ್ಬ.

ಆ ಹೆಬ್ಬೆಟ್ಟು ಏನು ಮಾಡಿತು ಅನ್ನುವುದು ತಿಳಿದದ್ದು ಆರು ತಿಂಗಳ ಮೇಲೆ, ಹಾವೇರಿಯಲ್ಲಿ, ವಕೀಲೆ ಶೀಲಾಳ ಆಫೀಸಿನಲ್ಲಿ. ಶೀಲಾ ಹುಬ್ಬಳ್ಳಿಯಲ್ಲಿ ಬೆಳೆದವಳು, ಇನ್ನೂ ಚಿಕ್ಕವಳು. ಬೇರೆ ಮೂವರು ವಕೀಲರು ಫೈಲಿನ ಮೇಲಿನ ಕಾಯ್ದೆಯ ಹೆಸರು ನೋಡಿಯೇ ಕೈ ಮುಗಿದಿದ್ದರು. ಇವಳು ಮುಗಿಯಲಿಲ್ಲ. ದೋಷಾರೋಪಣ ಪಟ್ಟಿ ನಾನೂರು ಹಾಳೆ ಇತ್ತು. ಮುನ್ನೂರ ಹನ್ನೆರಡನೆಯ ಹಾಳೆ ತೆಗೆದು ಶೀಲಾ ಓದಿದಳು:

"ಶುಕ್ರವಾರ ನಮಾಜ ಮುಗಿಸಿ ಬರ್ತೇವ್ರಿ. ಇನ್ನೂರು ಬಾಂಬು ಹೂಳ್ತೇವಿ. ಯಾರಿಗೂ ಹೇಳಬ್ಯಾಡ್ರಿ."

ನೂರಜಹಾನ ಮೊದಲು ನಕ್ಕಳು. ನಿಜವಾಗಿ ನಕ್ಕಳು.

"ಬಾಂಬಲ್ರಿ ಬಾಯಾರ. ಹಂಬು. ಇನ್ನೂರು ಹಂಬು."

"ಹಂಬು ಅಂದ್ರ?"

ನಗು ಅಲ್ಲೇ ನಿಂತಿತು. ಕನ್ನಡದವಳು, ಓದಿದವಳು, ತನ್ನ ಪರವಾಗಿ ನಿಂತವಳು. ಅವಳಿಗೇ ಗೊತ್ತಿಲ್ಲ. ಹಾಗಾದರೆ ಎಲ್ಲೋ ಕಿವಿಗೆ ಯಂತ್ರ ಹಚ್ಚಿಕೊಂಡು, ಹೆಸರು ನೋಡಿಯೇ ಏನು ಕೇಳಬೇಕು ಅಂತ ತೀರ್ಮಾನಿಸಿಕೊಂಡು ಕೂತವನಿಗೆ ಏನು ಗೊತ್ತಿರುತ್ತದೆ? ನೂರಜಹಾನ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ತನ್ನ ಸೆರಗನ್ನೇ ಸುರುಳಿ ಸುತ್ತಿ ತೋರಿಸಿದಳು. ಹೀಗೆ ಬಿಚ್ಚುವುದು, ಹೀಗೆ ಸುತ್ತುವುದು, ಹೀಗೆ ಹೂಳುವುದು. ಯಾರಿಗೂ ಹೇಳಬೇಡಿ ಅಂದದ್ದು, ಬೇರೆ ತೋಟದವರಿಗೆ ತಿಳಿದರೆ ನಮ್ಮಲ್ಲಿಗೆ ಮೊದಲು ಬಾ ಅಂತ ಗುಂಪನ್ನು ಎಳೆಯುತ್ತಾರೆ ಅನ್ನುವುದಕ್ಕೆ.

ಶೀಲಾ ತಲೆ ಹಿಡಿದುಕೊಂಡಳು.

"ಇನ್ನೂರು ಬಾಂಬು ಹೂಳಿದ್ರ ನಿಮ್ಮ ಸವಣೂರ ಉಳಿತಿತ್ತೇನು! ಇದನ್ನ ಬರದಾಂವಗ ಅದೂ ಹೊಳೀಲಿಲ್ಲ."

"ಅವನ ಫೋನ್ ಯಾಕ ಕೇಳಿದ್ರು ಬಾಯಾರ? ಅವ ಯಾರು ಅವರಿಗೆ?"

ಶಿಗ್ಗಾವಿಯ ಕಡೆ ಅಲ್ತಾಫ ಅನ್ನುವವನೊಬ್ಬ ಬಾಳೆನಾರು ಮಾರುತ್ತಿದ್ದ. ಅವನ ಮೇಲೆ ಯಾವುದೋ ಗುಮಾನಿ ಇತ್ತು. ಅವನಿಗೆ ಫೋನು ಮಾಡಿದವರ ಫೋನನ್ನೆಲ್ಲ ಕೇಳಲು ಅಪ್ಪಣೆಯಾಗಿತ್ತು. ನಯೀಮ ಮೂರು ಸಲ ನಾರು ಕೇಳಲು ಫೋನು ಮಾಡಿದ್ದ. ಅಲ್ತಾಫನ ಮೇಲೆ ಏನೂ ಸಿಗದೆ ಅವನನ್ನು ಬಿಟ್ಟರು. ನಯೀಮನ ಮೇಲೆ ಹಂಬು ಸಿಕ್ಕಿತು.

"ಪೂರಾ ರೆಕಾರ್ಡ್ ಹಚ್ಚಿ ಕೇಳಸ್ರಿ ಕೋರ್ಟಿನ್ಯಾಗ. ಒಮ್ಮೆ ಕೇಳಿದ್ರ ತಿಳಿತೈತಿ."

"ಕೇಳೀನಿ. ಕೊಡಂಗಿಲ್ಲ ಅಂತಾರ. ದೇಶದ ಭದ್ರತಾದ ಗುಟ್ಟು ಅಂತ. ಹಾಳಿ ಕೊಟ್ಟಾರ, ಧ್ವನಿ ಕೊಟ್ಟಿಲ್ಲ." ಶೀಲಾ ಹಾಳೆಯನ್ನು ಮೇಜಿನ ಮೇಲಿಟ್ಟಳು. "ನಾ ಕಾಯ್ದೇನ ಬ್ಯಾಡ ಅನ್ನಂಗಿಲ್ಲ ನೂರಮ್ಮಾರ. ಬಾಂಬು ಇಡೋರು ಅದಾರ. ಅವರ ಫೋನ್ ಕೇಳಬೇಕು, ಅವರನ್ನ ಹಿಡೀಬೇಕು. ಆದ್ರ ಕೇಳಿದ್ದು ಖರೇನೋ ಸುಳ್ಳೋ ನೋಡಾಕ ಒಂದ ಕಿಡಕಿ ಆದ್ರೂ ಇರಬೇಕಲ್ಲ. ಇದರಾಗ ಕಿಡಕೀನ ಇಟ್ಟಿಲ್ಲ."

"ಬಾಯಿ ಬಿಟ್ಟು ಆಡಿದಾಂವ ಕಳ್ಳ ಆದ. ಕದ್ದು ಕೇಳಿದಾಂವ ಸಾಚಾ ಆದ" ಅಂದಳು ನೂರಜಹಾನ.

"ಧ್ವನಿ ನನ್ನ ಮಗಂದ ಅಂತ ನೀವ ಒತ್ತೀರಿ" ಅಂದಳು ಶೀಲಾ, ಬಹಳ ಮೆಲ್ಲಗೆ. "ಈ ಹಾಳಿ ಕೆಳಗ ಅದ ಐತಿ."

ನೂರಜಹಾನ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಆ ರಾತ್ರಿಯಿಂದ ಅನ್ನ ಕಲಸುವಾಗಲೆಲ್ಲ ಆ ಬೆರಳು ಅವಳಿಗೆ ಬೇರೆಯವರದ್ದರ ಹಾಗೆ ಅನಿಸತೊಡಗಿತು. ಮಗನನ್ನು ನಾನೇ ಕೊಟ್ಟೆ ಅಂತ ಸೊಸೆಯ ಮುಂದೆ ಎದೆ ಬಡಿದುಕೊಂಡಳು. ಶಬೀನಾ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೆಂಗಳೂರಿನ ಕೋರ್ಟು ಜಾಮೀನು ಕೊಡಲಿಲ್ಲ. ಈ ಕಾಯ್ದೆಯಲ್ಲಿ ಮೇಲ್ನೋಟಕ್ಕೆ ಆರೋಪ ನಿಜ ಅನಿಸಿದರೆ ಸಾಕು, ಜಾಮೀನಿಲ್ಲ. ಶೀಲಾ ಹಂಬಿನ ಅರ್ಥ ಹೇಳಿದಳು, ಬಳ್ಳಿಯ ಫೋಟೋ ಕೊಟ್ಟಳು. ಎದುರಿನ ವಕೀಲರು ಒಂದೇ ಮಾತು ಕೇಳಿದರು: ಫೋನಿನ ಆ ಕಡೆ ಇದ್ದವರೇ ಹಾಗೆ ಹೇಳುತ್ತಿಲ್ಲವಲ್ಲ?

ಫೋನಿನ ಆ ಕಡೆ ಇದ್ದವರು ಪರಮೇಶ್ವರಪ್ಪ. ತೋಟದ ಮಾಲಕರು. ನಯೀಮನನ್ನು ಹುಟ್ಟಿದಾಗಿನಿಂದ ಕಂಡವರು. ಅವರು ಕೊಟ್ಟ ಹೇಳಿಕೆ ಫೈಲಿನಲ್ಲಿತ್ತು: ಫೋನು ಬಂದಿತ್ತು, ಏನು ಮಾತಾಡಿದ್ದು ಅಂತ ನೆನಪಿಲ್ಲ.

ಹೈಕೋರ್ಟಿಗೆ ಹೋಗುವುದೊಂದೇ ದಾರಿ ಉಳಿದಿತ್ತು. ಶೀಲಾ ಬಿಡಿಸಿ ಹೇಳಿದಳು. "ಸಾವ್ಕಾರ್ರು ಒಂದ ಕಾಗದದಾಗ ಬರದುಕೊಡಲಿ. ಅವ ಅಂದದ್ದು ಹಂಬು, ನಾ ಕೇಳಿದ್ದು ಹಂಬು ಅಂತ. ಒಂದ ಗೆರಿ. ಅಷ್ಟ ಸಾಕು."

ನೂರಜಹಾನ ಅವರ ಮನೆಗೆ ಹೋದಳು. ಮನೆಯಲ್ಲಿ ಸುಣ್ಣ ಬಣ್ಣ ನಡೆದಿತ್ತು. ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದರು, ನಿಶ್ಚಯ ಮುಗಿದಿತ್ತು. ಮನೆಯಾಕೆ ಸುಶೀಲವ್ವ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಮೂವತ್ತು ವರ್ಷ ಸ್ಟೀಲಿನ ಲೋಟದಲ್ಲಿ ಕೊಡುತ್ತಿದ್ದರು. ಆವತ್ತು ಕಾಗದದ ಕಪ್ಪಿನಲ್ಲಿ ಕೊಟ್ಟರು. ಕೊಟ್ಟವರು ಮುಖ ನೋಡದೆ ಒಳಗೆ ಹೋದರು.

"ನೀವ ಅಲ್ಲೇನ್ರಿ ಫೋನಿನ್ಯಾಗ ಇದ್ದದ್ದು? ಇನ್ನೂರು ಹಂಬು ಅಂದಿದ್ದಕ್ಕ, ಇನ್ನೂರು ಸಾಲಂಗಿಲ್ಲ ಮುನ್ನೂರು ಮಾಡ್ರಿ ಅಂತ ನೀವ ಬೈದಿರಿ. ನಯೀಮ ಮನ್ಯಾಗ ಬಂದು ನಗಾಕತ್ತಿದ್ದ."

ಪರಮೇಶ್ವರಪ್ಪ ಬಾಗಿಲ ಕಡೆ ನೋಡಿದರು. ಟೇಬಲ್ಲಿನ ಮೇಲಿದ್ದ ಫೋನು ತೆಗೆದುಕೊಂಡು ಹೋಗಿ ಅಡಿಗೆಮನೆಯಲ್ಲಿಟ್ಟು ಬಂದರು.

"ನೂರಜಹಾನ, ನನಗ ಗೊತ್ತಿಲ್ಲೇನು? ದೇವರ ಮುಂದ ಹೇಳಂದ್ರ ಹೇಳ್ತೇನಿ. ಕಾಗದದಾಗ ಬ್ಯಾಡ. ನನ್ನ ಹೆಸರ ಸಾಕ್ಷಿ ಪಟ್ಟಿಯೊಳಗೈತಿ. ಆರೋಪಿ ಪಟ್ಟಿಗೆ ಹಾಕಾಕ ಎಷ್ಟೊತ್ತು ಅಂತ ಆ ಸಾಹೇಬ ನನ್ನ ಮಾರಿ ನೋಡಿ ಕೇಳ್ಯಾನ. ಮುನ್ನೂರು ಹೂಳು ಅಂದಾಂವ ನಾನು. ಅವರ ಹಾಳಿ ಪ್ರಕಾರ ಮುನ್ನೂರು ಏನಾತು? ಲೆಕ್ಕಾ ಹಾಕು."

"ನಿಮ್ಮನ್ನ ಹಿಡೀಲಿಲ್ಲಲ್ರಿ. ಇಬ್ಬರು ಆಡಿದ ಮಾತಿಗೆ ಒಬ್ಬನ ಒಳಗ ಹೋದ."

ಅವರು ತಲೆ ತಗ್ಗಿಸಿದರು. ಉತ್ತರ ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮದುವೆ ಆಯಿತು. ನೂರಜಹಾನಳಿಗೆ ಕರೆ ಬರಲಿಲ್ಲ. ಅಷ್ಟರಲ್ಲಿ ಎರಡನೆಯ ಉಗಾದಿಯೂ ಬಂತು. ತೋಟ ನೆತ್ತಿ ಮುಟ್ಟಿತು. ಪರಮೇಶ್ವರಪ್ಪ ಮನುಷ್ಯನನ್ನು ಕಳಿಸಿದರು, ಫೋನು ಮಾಡಲಿಲ್ಲ. ಗುಂಪು ಹೋಯಿತು. ನಯೀಮನ ಜಾಗದಲ್ಲಿ ಮಹಮ್ಮದಗೌಸ ಅನ್ನುವ ಮುದುಕ ನಿಚ್ಚಣಿಕೆ ಹೊತ್ತು ಬಂದಿದ್ದ. ಬೆಳಗ್ಗೆ ಎಂಟಕ್ಕೇ ಬಿಸಿಲು ಬೆನ್ನು ಸುಡುತ್ತಿತ್ತು. ಹೆಂಗಸರು ಸೀರೆ ಮೇಲೆ ಕಟ್ಟಿ, ಸಲಿಕೆ ಹಿಡಿದು ನಿಂತರು. ಪರಮೇಶ್ವರಪ್ಪ ಬದುವಿನ ಮೇಲೆ ಛತ್ರಿ ಹಿಡಿದು ನಿಂತಿದ್ದರು.

"ಶುರು ಮಾಡ್ರಿ ಅದನ್ನ" ಅಂದರು.

ನೂರಜಹಾನ ಸಲಿಕೆ ಎತ್ತಿದವಳು ಎತ್ತಿದ ಹಾಗೇ ನಿಂತಳು. ಏನಾಯಿತೋ ಅವಳಿಗೂ ಗೊತ್ತಾಗಲಿಲ್ಲ. ವರ್ಷವಿಡೀ ನುಂಗಿದ್ದು ಗಂಟಲಿಗೆ ಬಂತು.

"ಏನನ್ನ್ರಿ?"

"ಅದನ್ನವಾ. ಇಳಸ್ರಿ."

"ಯಾವುದನ್ನ ಇಳಸೋಣ್ರಿ? ಹೆಸರ ಹೇಳ್ರಿ."

ಪರಮೇಶ್ವರಪ್ಪ ಬದುವಿನಿಂದ ಒಂದು ಹೆಜ್ಜೆ ಇಳಿದರು.

"ಮೂವತ್ತು ವರ್ಷ ಈ ಮಣ್ಣಾಗ ಮೊಣಕಾಲ ಊರೇನಿ. ನನ್ನ ಗಂಡ ಈ ಗಿಡದ ಮ್ಯಾಲಿಂದ ಬಿದ್ದು ನಡಾ ಮುರಕೊಂಡ, ಮತ್ತ ಹತ್ತಿದ. ನನ್ನ ಮಗನ್ನ ಇದ ಸಾಲಿನ್ಯಾಗ ಕೆಡವಿ ಕಟ್ಟಿದ್ರು. ಹೆಸರಿಲ್ಲದ ಕೆಲಸ ನಮಗ ಬರಂಗಿಲ್ರಿ ಸಾವ್ಕಾರ್ರ. ಹೆಸರ ಹೇಳ್ರಿ, ಹೂಳ್ತೇವಿ."

"ಇಲ್ಲಿ ಹೇಳಿದ್ರ ಏನ್ ಬಂತ? ಹಂಬು. ಹಂಬು ಇಳಸ್ರಿ. ಆತಿಲ್ಲೋ?"

"ಇಲ್ಲೆ ಗಿಡಕ್ಕ ಹೇಳಿದ್ರ ಆಗಂಗಿಲ್ಲ. ವಕೀಲ ಬಾಯಾರ ಕಾಗದ ಕೊಟ್ಟಾರ. ನನ್ನ ಉಡಿಯಾಗ ಐತಿ. ಅದರಾಗ ಹೇಳ್ರಿ. ಇಲ್ಲಂದ್ರ ನನಗ ಫೋನ್ ಹಚ್ಚಿ ಹೇಳ್ರಿ. ಹೋದ ವರ್ಷ ಆಡಿದ್ರಲ್ಲ, ಅದ ಫೋನಿನ್ಯಾಗ, ಅದ ಮಾತು. ಕೇಳಾವ್ರು ಕೇಳಲಿ."

ಸಲಿಕೆಯನ್ನು ಸಾಲಿನಲ್ಲಿ ಊರಿ, ಅದರ ಪಕ್ಕ ಕೂತುಬಿಟ್ಟಳು. ಹಾಲವ್ವ ಅವಳನ್ನು ನೋಡಿದಳು. ಹಾಲವ್ವನಿಗೆ ಮನೆಯಲ್ಲಿ ನಾಲ್ಕು ಬಾಯಿ, ಒಂದೇ ದುಡಿಮೆ. ಆದರೂ ಸಲಿಕೆ ಬಿಟ್ಟಳು.

"ಆ ಇನ್ನೂರರಾಗ ಐವತ್ತು ನಾ ಹೂಳೀನ್ರಿ" ಅಂದಳು. "ಇದ ಕೈಲೆ. ನನ್ನ ಯಾಕ ಹಿಡೀಲಿಲ್ಲ? ನನ್ನ ಹೆಸರ ಹಾಲವ್ವ ಅಂತಲ್ಲೇನು?"

ಶಿವಬಸವ್ವ ಬಂದು ನೂರಜಹಾನಳ ಮಗ್ಗುಲಿಗೆ ಕೂತಳು. ಮುದುಕ ಮಹಮ್ಮದಗೌಸ ನಿಚ್ಚಣಿಕೆ ಇಳಿಸಿ ನೆಲಕ್ಕೆ ಮಲಗಿಸಿದ.

ಪರಮೇಶ್ವರಪ್ಪ ಛತ್ರಿ ಮಡಚಿದರು. ಜೇಬಿನ ಫೋನು ತೆಗೆದರು. ಅವರ ಬೆರಳು ಅದರ ಮೇಲೆ ಆಡಿತು. ಹೆಂಗಸರೆಲ್ಲ ಆ ಬೆರಳನ್ನೇ ನೋಡುತ್ತಿದ್ದರು. ನೂರಜಹಾನಳ ಉಡಿಯಲ್ಲಿದ್ದ ಫೋನು ಈಗ ಗುಂಯ್ ಅನ್ನುತ್ತದೆ, ಈಗ ಅನ್ನುತ್ತದೆ. ಅನ್ನಲಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು.

"ತ್ವಾಟ ಹೋದ್ರ ಹೋಗ್ಲಿ ಬಿಡವಾ" ಅಂದು ನಡೆದುಬಿಟ್ಟರು.

ಹೋಗಲಿ ಅಂದದ್ದು ಸಣ್ಣ ಮಾತಲ್ಲ. ನಾಲ್ಕು ಎಕರೆ ತೋಟ, ಅಪ್ಪ ಹಚ್ಚಿದ್ದು. ಅದು ಮುದಿಯಾಗಲಿ ಅಂದರು, ಫೋನಿನಲ್ಲಿ ಹಂಬು ಅನ್ನಲಿಲ್ಲ. ಆವತ್ತು ನೂರಜಹಾನಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು. ಇಷ್ಟು ಇದ್ದವರನ್ನೇ ಇಷ್ಟು ಹೆದರಿಸಿದ್ದಾರೆ ಅಂದರೆ, ಒಳಗಿರುವ ತನ್ನ ಮಗನಿಗೆ ಏನು ಮಾಡಿರಬೇಕು? ತೋಟದಿಂದ ಮನೆಗೆ ಎರಡು ಮೈಲಿ. ಅವಳಿಗೆ ನಾಲ್ಕು ಸಲ ದಾರಿಯಲ್ಲಿ ಕೂರಬೇಕಾಯಿತು.

ಹಂಗಾಮಿನ ಕೆಲಸ ಹೋಯಿತು. ಬೇರೆ ತೋಟದವರೂ ಕರೆಯಲಿಲ್ಲ. ಹೆಸರು ಕೇಳುವ ಕೂಲಿಯವರು ಯಾರಿಗೆ ಬೇಕು?

ನಯೀಮನ ಫೋನು ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ, ಬುಧವಾರ ಹನ್ನೊಂದಕ್ಕೆ, ಬೆಂಗಳೂರಿನ ಜೇಲಿನಿಂದ. ಐದು ನಿಮಿಷ. ಮೊದಲು ಒಂದು ಹೆಣ್ಣು ಧ್ವನಿ ಈ ಕರೆಯನ್ನು ದಾಖಲಿಸಲಾಗುತ್ತಿದೆ ಅನ್ನುತ್ತಿತ್ತು. ಕನ್ನಡದಲ್ಲೇ ಮಾತಾಡಬೇಕು ಅಂತ ಹೇಳಿದ್ದರು, ಕೇಳುವವನಿಗೆ ಉರ್ದು ಬರುವುದಿಲ್ಲವಂತೆ. ಮಗನ ಜೊತೆ ಎಂದೂ ಮನೆಯೊಳಗೆ ಕನ್ನಡ ಆಡದ ತಾಯಿ, ತೋಟದ ಕೂಲಿಯವನ ಜೊತೆ ಆಡುವ ಹಾಗೆ ಆಡಬೇಕಾಗಿತ್ತು.

ಆ ಬುಧವಾರ ಹಾಲವ್ವ, ಶಿವಬಸವ್ವ ಇಬ್ಬರೂ ಅಂಗಳದಲ್ಲಿದ್ದರು. ಶಬೀನಾ ಫೋನು ಜೋರಾಗಿ ಕೇಳುವ ಹಾಗೆ ಮಾಡಿ ಅತ್ತೆಯ ಕೈಗೆ ಕೊಟ್ಟಳು. ಉಂಡೆಯಾ, ಆರಾಮ ಇದ್ದೀಯಾ, ಎಲ್ಲ ಆಯಿತು. ಆಮೇಲೆ ನಯೀಮ ಕೇಳಿದ.

"ಅಮ್ಮಾ, ಸಾವ್ಕಾರ್ರ ತ್ವಾಟದಾಗ... ಅದು ಮುಗೀತೇನು?"

ಅದು. ಇವನೂ. ಗಿಡದ ನೆತ್ತಿಯ ಮೇಲೆ ನಿಂತು "ಹಂಬು ಬಂತು ನೋಡ್ರಿ" ಅಂತ ಕೂಗಿ ಕೆಳಗೆ ಬಿಡುತ್ತಿದ್ದವನು. ಅವನ ಬಾಯಿಂದಲೂ ಕಿತ್ತುಕೊಂಡಿದ್ದರು. ನೂರಜಹಾನಳಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಮುಗೀತೇನು?"

"ಅದು ಅಮ್ಮಾ. ಇಳಸೂದು."

"ಹೆಸರ ಹೇಳು."

"ಅಮ್ಮಾ, ಬ್ಯಾಡ. ಕೇಳ್ತಾರ."

"ಕೇಳಲಿ ಅಂತನ ಹೇಳಾಕತ್ತೇನಿ. ನಿಮ್ಮಪ್ಪ ಕಲಿಸಿದ ಮಾತದು. ಅದನ್ನ ಕಳಕೊಂಡು ಹೊರಗ ಬಂದ್ರ ನೀ ಏನ್ ಬಂದಂಗಾತು? ಹೇಳು ನಯೀಮ."

ಆ ಕಡೆ ಉಸಿರಷ್ಟೇ ಕೇಳುತ್ತಿತ್ತು. ಅಂಗಳದಲ್ಲಿ ನಾಲ್ಕು ಹೆಂಗಸರು ಫೋನಿನ ಕಡೆ ಬಗ್ಗಿದರು.

"ಹಂಬು" ಅಂದ. ಕಳ್ಳನ ಹಾಗೆ.

"ಕೇಳಸಲಿಲ್ಲ. ಬಿಡಿಸಿ ಹೇಳು. ಹ. ಹಂಬು. ಎಷ್ಟು ಹೂಳಿದಿ ಆವತ್ತು?"

"ಇನ್ನೂರು."

"ಇನ್ನೂರು ಏನು?"

"ಇನ್ನೂರು ಹಂಬು, ಅಮ್ಮಾ." ಈಗ ಧ್ವನಿ ಒಡೆದಿತ್ತು, ಆದರೆ ಗಟ್ಟಿಯಾಗಿತ್ತು. ಫೋನು ಕಟ್ಟಾಯಿತು.

ಹದಿನೈದು ದಿನದ ಮೇಲೆ ಬರಬೇಕಾದ ಫೋನು ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ನೂರಜಹಾನ ಬೆಳಗ್ಗೆ ಒಂಬತ್ತರಿಂದ ಅಂಗಳದಲ್ಲಿ ಕೂರುತ್ತಿದ್ದಳು, ಸಂಜೆಯವರೆಗೆ ಏಳುತ್ತಿರಲಿಲ್ಲ. ಎರಡನೆಯ ಸಲ ಮಗನನ್ನು ಕೊಟ್ಟೆ ಅನಿಸಿತು. ಮೊದಲು ಬೆರಳಿನಿಂದ ಕೊಟ್ಟೆ, ಈಗ ನಾಲಿಗೆಯಿಂದ ಕೊಟ್ಟೆ. ಶಬೀನಾ ಈ ಸಲ ಅಂದಳು: "ನಿಮಗ ಮಾತು ಬೇಕಿತ್ತು. ನನಗ ಅವರು ಬೇಕಿದ್ರು." ನೂರಜಹಾನ ತಲೆ ಬಗ್ಗಿಸಿ ಕೇಳಿಸಿಕೊಂಡಳು.

ತಿಂಗಳಾದ ಮೇಲೆ ಶೀಲಾ ಹಾವೇರಿಗೆ ಕರೆಸಿದಳು. ಮೇಜಿನ ಮೇಲೆ ಎರಡು ಹಾಳೆಯ ಒಂದು ಹೊಸ ಕಾಗದ ಇತ್ತು. ಜೇಲಿನಿಂದ ಬಂದದ್ದು. ನಯೀಮನನ್ನು ಒಬ್ಬನೇ ಇರುವ ಕೋಣೆಗೆ ಹಾಕಿದ್ದರು. ಮೂರು ತಿಂಗಳು ಫೋನು ಬಂದ್ ಮಾಡಿದ್ದರು.

"ಯಾಕಂತ್ರಿ?"

"ಜೇಲಿನ ಫೋನಿನ್ಯಾಗ ಸಂಕೇತದ ಮಾತು ಆಡ್ಯಾನ ಅಂತ."

ನೂರಜಹಾನ ಗೋಡೆಗೆ ಒರಗಿದಳು. ಎಲ್ಲ ಮುಗಿಯಿತು ಅಂದುಕೊಂಡಳು. ಆದರೆ ಶೀಲಾ ಕಾಗದವನ್ನು ಅವಳ ಕಡೆ ತಿರುಗಿಸಿದಳು.

"ಕೇಳ್ರಿ ಇಲ್ಲೆ. ಯಾವ ಸಂಕೇತದ ಮಾತು ಅಂತ ಅವರು ಬರೀಬೇಕಲ್ಲ? ಬರದಾರ. ಈ ಸಲ ನೀವು ಬಿಡಿಸಿ ಬಿಡಿಸಿ ಹೇಳಿಸಿರಿ, ಟೈಪ್ ಮಾಡಿದಾಂವಗ ತಪ್ಪ ಮಾಡಾಕ ದಾರೀನ ಇರಲಿಲ್ಲ." ಬೆರಳಿಟ್ಟು ತೋರಿಸಿದಳು. "ಹಂಬು. ಆವತ್ತು ಹೂಳಿದ್ದು ಇನ್ನೂರು ಹಂಬು. ಅವರದ ಕಾಗದ. ನಾವು ಇಷ್ಟು ತಿಂಗಳು ಬೇಡಿದ್ರೂ ಕೊಡಲಿಲ್ಲ. ಶಿಕ್ಷಾ ಕೊಡಾಕ ತಾವ ಬರದು ಕೊಟ್ಟಾರ. ಹೈಕೋರ್ಟಿನ್ಯಾಗ ಇದನ್ನ ಇಡ್ತೇನಿ."

"ಬಿಡ್ತಾರೇನ್ರಿ ಇದರಿಂದ?"

ಶೀಲಾ ಸುಳ್ಳು ಹೇಳುವವಳಲ್ಲ.

"ಗೊತ್ತಿಲ್ಲ. ಮೂರು ತಿಂಗಳಂತೂ ಅವನ ಧ್ವನಿ ನಿಮಗ ಸಿಗಂಗಿಲ್ಲ."

ನೂರಜಹಾನ ಕಾಗದದ ಮೇಲೆ ಬಗ್ಗಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಶೀಲಾ ಬೆರಳಿಟ್ಟ ಜಾಗದಲ್ಲಿ ಒಂದು ಅಕ್ಷರ, ಒಂದು ಸೊನ್ನೆ, ಇನ್ನೊಂದು ಅಕ್ಷರ ಕಂಡವು. ಅಷ್ಟು ಸಣ್ಣದು. ಅವಳು ರೂಢಿಯಂತೆ ಹೆಬ್ಬೆರಳು ಮುಂದೆ ಚಾಚಿದಳು.

"ಎಲ್ಲಿ ಒತ್ತಲ್ರಿ?"

"ಎಲ್ಲೂ ಬ್ಯಾಡ" ಅಂದಳು ಶೀಲಾ. "ಈ ಸಲ ಅವರದ ಸಹಿ ಐತಿ."

ನೂರಜಹಾನ ಕೈ ಹಿಂದಕ್ಕೆ ತೆಗೆದುಕೊಂಡಳು. ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡಳು. ಮಸಿ ಇರಲಿಲ್ಲ, ಆದರೂ ಒರೆಸಿಕೊಂಡಳು.

"ಅಂವ ಅಂದದ್ದು ಇನ್ನೊಮ್ಮೆ ಓದ್ರಿ ಬಾಯಾರ."

ಶೀಲಾ ಓದಿದಳು. "ಇನ್ನೂರು ಹಂಬು, ಅಮ್ಮಾ."

"ಇನ್ನೊಮ್ಮೆ."